ಕಿತ್ತ ಹಾರ್ನ್ ತಂತಿ

ಹಾರ್ನ್ ತಂತಿ ಕಿತ್ತವಳು ನಾನೇ ಎಂದು ಅಣ್ಣನಿಗೆ ಆ ಮಧ್ಯಾಹ್ನವೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಚಿನಕುರಳಿಯಲ್ಲಿ ಅಣ್ಣನದು ಮೈಕ್ ಸೆಟ್ಟಿನ ಕೆಲಸ. ಅಂದು ಕಿರಂಗೂರಿನ ಮದುವೆಗೆ ಹೊರಡುವ ಮೊದಲು ತನ್ನ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗೆ ಎರಡು ಹಾರ್ನ್ ಸ್ಪೀಕರ್ ಜೋಡಿಸಿ, ಪರೀಕ್ಷೆಗೆಂದು ಕ್ಯಾಸೆಟ್ ಹಾಕಿ ಊಟಕ್ಕೆ ಕೂತಿದ್ದ. ಆ ಸದ್ದಿಗೆ ತೊಟ್ಟಿಲಲ್ಲಿದ್ದ ನನ್ನ ಮಗು ಬೆಚ್ಚಿ ಅತ್ತಿತು. ಸಿಟ್ಟಿನಲ್ಲಿ ಸೆಟ್ಟಿನ ಹಿಂದಿನ ಹಾರ್ನ್ ತಂತಿ ಎಳೆದುಬಿಟ್ಟೆ. ವಾಲ್ವ್ ಸೆಟ್ಟು ಓಡುತ್ತಿರುವಾಗ ಹಾರ್ನ್ ಬಿಚ್ಚಬಾರದು, ಬಿಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ ಎಂದು ಅಣ್ಣ ಎಷ್ಟೋ ಸಲ ಹೇಳಿದ್ದ. ಅವನು ಕೈ ತೊಳೆದು ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಹೆದರಿ ತಂತಿಯನ್ನು ಮತ್ತೆ ಸಿಕ್ಕಿಸಿ, ಮಗುವನ್ನೆತ್ತಿಕೊಂಡು ಹಿತ್ತಿಲಿಗೆ ಹೋದೆ.

ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಮದುವೆಗೆ ಬೇರೆಯವರ ಸೆಟ್ಟು ಹೋಯಿತು. ಸೆಟ್ಟಿನ ಹಿಂದೆ ಹಾರ್ನಿಗೆ ಸರಿಹೋಗುವ ನಂಬರಿನ ಸ್ಕ್ರೂ ಬಿಟ್ಟು ಬೇರೆ ಸ್ಕ್ರೂಗೆ ತಂತಿ ಕೊಟ್ಟೆ, ಅದಕ್ಕೇ ಸುಟ್ಟಿತು ಎಂದು ಅಣ್ಣ ತನ್ನನ್ನೇ ಬಯ್ದುಕೊಂಡ. ಸೆಟ್ಟು ರಿಪೇರಿಯಾಗಿ ಬಂದರೂ ಅವನಿಗೆ ಧೈರ್ಯ ಬರಲಿಲ್ಲ. ತಂತಿ ಕೊಡುವಾಗ ಸ್ಕ್ರೂ ನಂಬರನ್ನು ಮತ್ತೆ ಮತ್ತೆ ನೋಡುತ್ತಿದ್ದ.

ಕಳೆದ ವಾರ ಪಕ್ಕದೂರಿನ ಹಿರಿಯರೊಬ್ಬರು ಮಗಳ ಮದುವೆಗೆ ಸೆಟ್ಟು ಕೇಳಲು ಬಂದರು.

“ನನ್ ಕೈಲಿ ಆಗಾಕಿಲ್ಲ ಕಣಣ್ಣ, ಬ್ಯಾರೆಯೋರ್ನ ನೋಡ್ಕಳಿ. ಈ ಕೆಲ್ಸನೇ ಬುಟ್ಬುಡ್ತೀನಿ,” ಎಂದ ಅಣ್ಣ.

“ಯಾಕ್ಲಾ, ಮೈಕು ಕಚ್ತದಾ?” ಎಂದು ಅವರು ನಕ್ಕರು.

ಅಣ್ಣ ಹಾರ್ನ್ ತಂತಿ ಸುತ್ತಿ ಮೂಲೆಗಿಟ್ಟ. ಇನ್ನು ಸುಮ್ಮನಿದ್ದರೆ ಅವನ ಕಸುಬನ್ನು ನಾನೇ ಕಿತ್ತುಕೊಂಡಂತೆ ಎನಿಸಿತು. ಬಂದವರ ಎದುರಿಗೇ ಹೇಳಿಬಿಟ್ಟೆ: “ಅಣ್ಣಯ್ಯ, ನೀನು ಸರಿಯಾಗೇ ಕೊಟ್ಟಿದ್ದೆ. ತಂತಿ ಕಿತ್ತೋಳು ನಾನು. ಎದ್ರಿ ಬಾಯ್ಮುಚ್ಕಂಡಿದ್ದೆ. ತಪ್ಪಾಯ್ತು ಕಣಣ್ಣಯ್ಯ.”