ಪೆಟ್ರೋಲ್ ಎಂದವಳು ನಾನೇ

ಆ ದಿನ ಪೆಟ್ರೋಲ್ ಹಾಕು ಎಂದವಳು ನಾನೇ. ಸುಜಾತಾ ಸುಳ್ಳು ಹೇಳಲಿಲ್ಲ, ನಾನು ಹೇಳಿದೆ. ಇದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಏಕೆ ಬೇಕಾದವು ಎಂದು ಕೇಳಿದರೆ ಒಳ್ಳೆಯ ಉತ್ತರವಿಲ್ಲ — ಸುಳ್ಳು ನಡೆಯುತ್ತಿತ್ತು, ನಾನು ನಡೆಯಲು ಬಿಟ್ಟೆ.

ತಾಂಡೂರಿನಲ್ಲಿ ನಮ್ಮದು ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಮೈದುನನಿಗೆ ಬೆನ್ನುನೋವು ಹಿಡಿದು ಓಡಾಟ ನಿಂತಾಗ, ಜಹೀರಾಬಾದ್ ಮತ್ತು ನಾರಾಯಣಖೇಡದ ಅಂಗಡಿಗಳಿಗೆ ಹೋಗಿ ಆರ್ಡರ್ ತರುವ ಕೆಲಸ ನನ್ನ ಪಾಲಿಗೆ ಬಂತು. ನನಗದು ಹಿಡಿಸಿತು. ಒಬ್ಬಳೇ ಗಾಡಿ ಓಡಿಸಿಕೊಂಡು ಹೋಗುವಾಗ ನಾನು ಯಾರ ಸೊಸೆಯೂ ಅಲ್ಲ ಅನಿಸುತ್ತಿತ್ತು. ಮಾವನವರಿಗೆ ಹಿಡಿಸಲಿಲ್ಲ. ಹಳೆಯ ಸಣ್ಣ ಪೆಟ್ರೋಲ್ ಕಾರು ಇದ್ದಷ್ಟು ದಿನ ಸುಮ್ಮನಿದ್ದರು. ಅದನ್ನು ಮಾರಿ ದೊಡ್ಡ ಡೀಸೆಲ್ ಗಾಡಿ ತಂದಾಗ, ಇದು ಹೆಣ್ಣುಮಕ್ಕಳ ಕೈಗೆ ಕೊಡುವ ಗಾಡಿಯಲ್ಲ, ಒಂದು ಸಲ ಏನಾದರೂ ಆದರೆ ಕೀಲಿ ತಮಗೆ ಒಪ್ಪಿಸಬೇಕು ಎಂದರು. ನನ್ನ ಯಜಮಾನರು ತಲೆಯಾಡಿಸಿದರು.

ಹೊಸ ಗಾಡಿ ಬಂದು ತಿಂಗಳೂ ಆಗಿರಲಿಲ್ಲ. ನಾರಾಯಣಖೇಡದಲ್ಲಿ ಕೆಲಸ ಮುಗಿಸಿ ಹೊರಟವಳು ಊರ ಹೊರಗಿನ ಬಂಕಿನಲ್ಲಿ ನಿಲ್ಲಿಸಿದೆ. ಅಲ್ಲಿ ಹೊಸದಾಗಿ ಮೂವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವರಲ್ಲೊಬ್ಬಳು ಸುಜಾತಾ, ಸಿರ್ಗಾಪುರದ ಕಡೆಯ ಬೌದ್ಧರ ಮನೆಯ ಹುಡುಗಿ. ಹೋದಾಗೆಲ್ಲ ನಕ್ಕು ಮಾತಾಡಿಸುತ್ತಿದ್ದಳು. ನಾನು ಫೋನಿನಲ್ಲಿದ್ದೆ — ಕಳಿಸಿದ ಕಲ್ಲಿನ ಬಣ್ಣ ಸರಿಯಿಲ್ಲವೆಂದು ಅಂಗಡಿಯವನೊಬ್ಬ ಜಗಳ ತೆಗೆದಿದ್ದ. ಏನು ಹಾಕಲಿ ಎಂದು ಅವಳು ಕೇಳಿದಳು. ಹಳೆಯ ರೂಢಿಯಲ್ಲಿ ಪೆಟ್ರೋಲ್ ಎಂದುಬಿಟ್ಟೆ. ಅವಳು ಟ್ಯಾಂಕಿನ ಮುಚ್ಚಳ ತೆರೆದು, ಒಳಗೆ ಅಂಟಿಸಿದ್ದ ಚೀಟಿ ನೋಡಿ ಮತ್ತೆ ಕಿಟಕಿಯ ಹತ್ತಿರ ಬಂದಳು.

“ಮೇಡಂ, ಇದರ ಮ್ಯಾಲ ಡೀಸೆಲ್ ಅಂತ ಬರದಾರಲ್ರಿ.”

“ನನ್ನ ಗಾಡಿ ನನಗ ಗೊತ್ತಿಲ್ಲೇನು? ಪೆಟ್ರೋಲ್ ಹಾಕು ಅಂದ್ರ ಹಾಕು.”

ಅವಳು ಹಾಕಿದಳು.

ಜಹೀರಾಬಾದಿನ ರಸ್ತೆಯಲ್ಲಿ ಸ್ವಲ್ಪ ದೂರ ಬರುವಷ್ಟರಲ್ಲಿ ಎಂಜಿನ್ ಕಟಕಟ ಸದ್ದು ಮಾಡತೊಡಗಿತು. ಆಮೇಲೆ ಎಳೆಯಲಾಗದೆ ನಿಂತೇಬಿಟ್ಟಿತು. ಸುಮ್ಮನಿರದೆ ನಾನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದೆ. ಕೊನೆಗೆ ಲಾರಿಗೆ ಕಟ್ಟಿ ಜಹೀರಾಬಾದಿನ ಗ್ಯಾರೇಜಿಗೆ ಎಳೆಸಬೇಕಾಯಿತು. ತಾಂಡೂರಿನಿಂದ ಧಾವಿಸಿ ಬಂದ ಯಜಮಾನರಿಗೆ ಕಲಬೆರಕೆಯ ಅನುಮಾನ — ಸೀಮೆಎಣ್ಣೆ ಸೇರಿಸಿರಬೇಕು ಎಂದರು. ಮೆಕ್ಯಾನಿಕ್ ಟ್ಯಾಂಕಿನಿಂದ ಒಂದಿಷ್ಟು ತೆಗೆದು ಮೂಸಿ, ಇದು ಬರೀ ಪೆಟ್ರೋಲ್ ಎಂದ. ಡೀಸೆಲ್ಲಿಗೆ ತನ್ನದೇ ಒಂದು ಜಿಡ್ಡಿದೆ, ಎಂಜಿನ್ನಿಗೆ ಅದನ್ನು ತಳ್ಳುವ ಪಂಪು ಸವೆಯದಂತೆ ಕಾಯುವುದು ಆ ಜಿಡ್ಡೇ. ಪೆಟ್ರೋಲಿಗೆ ಅದಿಲ್ಲ, ಲೋಹಕ್ಕೆ ಲೋಹ ಉಜ್ಜಿ ಪುಡಿ ಎದ್ದಿದೆ, ಪಂಪು ಹೋಗಿದೆ ಎಂದು ವಿವರಿಸಿದ. ಪೆಟ್ರೋಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಎಲ್ಲವೂ ನೆನಪಾಯಿತು. ಯಾರು ಹಾಕಿದ್ದು ಎಂದು ಯಜಮಾನರು ನನ್ನತ್ತ ತಿರುಗಿದರು. ಬಂಕಿನ ಹುಡುಗಿ ಎಂದೆ. ಅಷ್ಟು ಮಾತ್ರ ನಿಜವೇ ಆಗಿತ್ತು.

ಮರುದಿನ ಬಂಕಿಗೆ ಹೋದೆವು. ಮಾಲೀಕರು ಸುಜಾತಾಳನ್ನು ಕರೆಸಿದರು. ಕ್ಯಾಮೆರಾದಲ್ಲಿ ಅವಳು ಕಿಟಕಿಯ ಹತ್ತಿರ ಬಂದದ್ದು ಕಾಣುತ್ತಿತ್ತು, ಪೆಟ್ರೋಲ್ ಹಾಕಿದ್ದೂ ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ.

“ನಾ ಡೀಸೆಲ್ ಅಂತೇ ಹೇಳೀನ್ರಿ,” ಎಂದೆ ನಾನು.

ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ. “ಎರಡ್ ಸಲ ಕೇಳೀನ್ರಿ ಮೇಡಂ. ಜರಾ ನೆನಪ್ ಮಾಡ್ಕೊಳ್ರಿ,” ಎಂದಳು.

ನಾನು ಮರೆತಿರಬಹುದು ಎಂದೇ ಅವಳು ನಂಬಿದ್ದಳು. ಆ ಮಾತಿನಲ್ಲಿ ನನಗೆ ತಪ್ಪಿಸಿಕೊಳ್ಳಲು ಒಂದು ಗೌರವದ ದಾರಿಯಿತ್ತು — ಹೌದು, ಫೋನಿನಲ್ಲಿದ್ದೆ, ಮರೆತೆ ಎನ್ನಬಹುದಿತ್ತು. ಅದರ ಬದಲು ನಾನು, ಮುಚ್ಚಳದೊಳಗೆ ಬರೆದದ್ದನ್ನಾದರೂ ಇವಳು ಓದಬೇಕಿತ್ತು ಎಂದೆ. ಓದಿಯೇ ಅವಳು ನನ್ನ ಹತ್ತಿರ ಬಂದಿದ್ದಳು. ಕಾರ್ಖಾನೆಯವರ ಮನೆಯ ಹೆಂಗಸಿನ ಮಾತಿನೆದುರು ಅವಳ ಮಾತಿಗೆ ಎಷ್ಟು ಬೆಲೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಅದನ್ನೇ ನೆಚ್ಚಿದ್ದೆ. ಮಾಲೀಕರು ಅಲ್ಲಿಯೇ ಅವಳನ್ನು ಕೆಲಸದಿಂದ ಬಿಡಿಸಿದರು. ಹೆಂಗಸರಿಗೆ ಈ ಕೆಲಸ ಆಗುವುದಿಲ್ಲ ಎಂದು ಆಮೇಲೆ ಉಳಿದಿಬ್ಬರನ್ನೂ ಕಳಿಸಿದರೆಂದು ಕೇಳಿದೆ.

ಕೀಲಿ ನನ್ನ ಹತ್ತಿರವೇ ಉಳಿಯಿತು. ಕೆಲವು ವರ್ಷಗಳ ಮೇಲೆ ಮಾವನವರು ತೀರಿಕೊಂಡರು, ಹೆದರಲು ಯಾರೂ ಇರಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಚೆಗೆ ಮಗಳು ಅಶ್ವಿನಿ ಗಾಡಿ ಕಲಿತಳು. ತಾಂಡೂರಿನ ಬಂಕೊಂದರಲ್ಲಿ ಪೈಪು ಹಿಡಿದು ನಿಂತ ಹುಡುಗನಿಗೆ, ಮೊದಲು ಚೀಟಿ ಓದು, ನಿಮ್ಮಂಥವರೇ ನಮ್ಮಮ್ಮನ ಗಾಡಿ ಕೆಡಿಸಿದ್ದು ಎಂದು ಗದರಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಸುಳ್ಳನ್ನು ಮಗಳು ನಿಜವೆಂದು ಕಲಿತಿದ್ದಳು — ಇನ್ನು ಅವಳ ಮಕ್ಕಳೂ...

ಗಾಡಿ ಬದಿಗೆ ನಿಲ್ಲಿಸು ಎಂದು, ನಡೆದದ್ದನ್ನು ಮೊದಲು ಅವಳಿಗೆ ಹೇಳಿದೆ. ರಾತ್ರಿ ಯಜಮಾನರಿಗೆ ಹೇಳಿದೆ. ಮರುದಿನ ನಾರಾಯಣಖೇಡಕ್ಕೆ ಹೋಗಿ ಹೇಳಿದಾಗ ಬಂಕಿನ ಮಾಲೀಕರು, ಹಳೇ ಮಾತು ಈಗ್ಯಾಕ ತೆಗಿತೀರಿ ಎಂದು ಚಹಾ ತರಿಸಿದರು. ಕುಡಿಯಲಾಗಲಿಲ್ಲ.

ಸುಜಾತಾ ಸಿರ್ಗಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆಂದು ಅವರಿಂದಲೇ ತಿಳಿಯಿತು. ಹೋದೆ. ನನ್ನನ್ನು ನೋಡಿದೊಡನೆ ಗುರುತು ಹಿಡಿದಳು. ನಿಂತಲ್ಲೇ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ಕೇಳಿದಳು.

“ನನಗ ಹೇಳಿ ಏನ್ ಆಗ್ತದ್ರಿ? ನಾ ಕೇಳೀನಿ ಅನ್ನೋದು ನನಗ ಗೊತ್ತೇ ಅದ. ನಮ್ಮವ್ವಗ ಹೇಳ್ರಿ. ನಾನೇ ತಪ್ಪ್ ಮಾಡೀನಿ ಅಂತ ಆಕಿ ಇನ್ನಾ ತಿಳ್ಕೊಂಡಾಳ.”

ಮನೆ ಅಂಗಡಿಯ ಹಿಂದೆಯೇ ಇತ್ತು. ತಾಯಿ ಜೋಳ ಹಸನು ಮಾಡುತ್ತಿದ್ದರು. ಅವರೆದುರು ನೆಲದ ಮೇಲೆ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದೆ — ಫೋನಿನ ಮಾತು, ಅವಳು ಎರಡು ಸಲ ಕೇಳಿದ್ದು, ನಾನು ಗದರಿದ್ದು, ಮಾರನೆಯ ದಿನ ಮಾಲೀಕರ ಮುಂದೆ ಆಡಿದ ಮಾತು. ಯಾವುದನ್ನೂ ಸಣ್ಣದು ಮಾಡಲಿಲ್ಲ. ಮುಗಿದ ಮೇಲೂ ಆ ತಾಯಿ ನನ್ನ ಕಡೆ ನೋಡಲಿಲ್ಲ. ಮೊರ ಕೆಳಗಿಟ್ಟು ಮಗಳ ಮುಖ ನೋಡಿದರು.

“ಅವತ್ತು ನಿನಗ ಹೊಡದಿನಲ್ಲ ನಾ,” ಎಂದರು.

“ಇರಲಿ ಬಿಡವ್ವಾ,” ಎಂದಳು ಸುಜಾತಾ.

ಆ ಹೊಡೆತದ ವಿಷಯ ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನಲ್ಲಿ ಅದು ಇರಲಿಲ್ಲ. ತಾಯಿ ಮಗಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಕೂತರು. ನಾನೂ ಅಲ್ಲೇ ಕೂತಿದ್ದೆ. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.