ಅಂಗಡಿಗೆ ಬಂದ ಪಾರ್ಟಿಷನ್

ಪುಕ್ಕಟೆ ಸಿಗುವ ಯಾವುದನ್ನೂ ನಾನು ನಂಬುವವಳಲ್ಲ. ಕೊಪ್ಪದ ಕಂಪ್ಯೂಟರ್ ರಿಪೇರಿಯವನು ಫೋನಿನಲ್ಲಿ, "ಲಿನಕ್ಸ್ ಹಾಕಿಕೊಡ್ತೀನಿ ಮೇಡಂ, ಅದಕ್ಕೇನೂ ದುಡ್ಡಿಲ್ಲ" ಅಂದಾಗಲೇ ಇದರಲ್ಲಿ ಏನೋ ಇದೆ ಅನ್ನಿಸಿತ್ತು.

ಆಗ ನಾನೂ ನನ್ನ ವಾರಗಿತ್ತಿಯೂ ನರಸಿಂಹರಾಜಪುರದ ತಾಲ್ಲೂಕು ಕಚೇರಿ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೆವು. ಅವರು ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಅಕ್ಕ. ಟೈಪಿಂಗ್ ನನ್ನದು, ಜೆರಾಕ್ಸ್ ಅವರದು. ಕ್ರಯಪತ್ರ, ಪಾಲುಪತ್ರ, ಅರ್ಜಿ, ಮದುವೆ ಕರೆಯೋಲೆ ಎಲ್ಲವೂ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಗಿರಾಕಿಗಳು ತರುವ ಪೆನ್ ಡ್ರೈವ್‌ಗಳಿಂದ ಅದಕ್ಕೆ ಮತ್ತೆ ಮತ್ತೆ ವೈರಸ್ ಹತ್ತುತ್ತಿತ್ತು. ನಮ್ಮ ಕನ್ನಡ ಟೈಪಿಂಗಿಗೆ ವಿಂಡೋಸ್ ಬೇಕೇ ಬೇಕು. ಕಂಡವರ ಪೆನ್ ಡ್ರೈವ್ ತೆರೆಯುವುದಕ್ಕೆ, ವಿಂಡೋಸಿನ ಥರದ್ದೇ ಆದರೂ ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ಇರಲಿ, ಕಂಪ್ಯೂಟರಿನ ಒಳಗಿನ ಜಾಗವನ್ನು ಪಾರ್ಟಿಷನ್ ಮಾಡಿ ಎರಡನ್ನೂ ಅದರಲ್ಲೇ ಕೂರಿಸೋಣ ಎಂಬುದು ಅವನ ಸಲಹೆ.

ನಾನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಪಾರ್ಟಿಷನ್ ಮಾಡ್ವಾಗ ಇದ್ದದ್ದು ಹೋದ್ರೆ ಯಾರು ಜವಾಬ್ದಾರಿ? ಅರ್ಧ ಅರ್ಧ ಮಾಡ್ಲೇಬೇಕಾ?" ಎಂದು ಫೋನಿನಲ್ಲಿ ಗಟ್ಟಿಯಾಗಿಯೇ ಕೇಳಿದೆ. ಮನೆಯವರಿಗೆಲ್ಲ ಒಪ್ಪಿಗೆ ತಾನೇ ಎಂದು ಅವನು ಕೇಳಿದ್ದಕ್ಕೆ, "ಅಕ್ಕಂಗೆ ಈಗ್ಲೇ ಹೇಳೋದು ಬ್ಯಾಡ, ಅವ್ರಿಗೆ ಇದೆಲ್ಲ ಗೊತ್ತಾಗೋದಿಲ್ಲ" ಅಂದೆ. ಅಕ್ಕ ಆ ಕಡೆ ತಿರುಗಿ ಜೆರಾಕ್ಸ್ ತೆಗೆಯುತ್ತಿದ್ದರು.

ಮಾರನೆಯ ದಿನದಿಂದ ಅಕ್ಕನ ವರಸೆಯೇ ಬದಲಾಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಅವರ ಪಲ್ಯ ನನ್ನ ಮುಚ್ಚಳಕ್ಕೆ ಬರಲಿಲ್ಲ. ಸ್ಟೇಪ್ಲರ್, ಕತ್ತರಿ, ಗೋಂದಿನ ಡಬ್ಬಿ ಒಂದೊಂದಾಗಿ ಅವರ ಮೇಜಿನ ಕಡೆಗೆ ಸರಿದವು. ನಾನು ಒಳಗೆ ಕಾಲಿಟ್ಟರೆ ಅವರ ಫೋನಿನ ಮಾತು ನಿಲ್ಲುತ್ತಿತ್ತು. ಏನೋ ಮಸಲತ್ತು ನಡೆದಿದೆ, ಬೇರೆ ಅಂಗಡಿ ಹಾಕುವ ಯೋಚನೆಯೇ ಇರಬೇಕು ಎಂದು ನನಗೆ ಖಾತ್ರಿಯಾಯಿತು. ಗಂಡನಿಗೆ ಹೇಳಿದರೆ, "ನಿಂಗೆ ಎಲ್ಲದ್ರಲ್ಲೂ ಅನುಮಾನ" ಎಂದು ಪೇಪರಿಗೆ ಮುಖ ಹಾಕಿದರು. ಅಕ್ಕ ಹೋದರೆ ಒಬ್ಬಳೇ ನಡೆಸುವ ಅಂಗಡಿಯಲ್ಲ ಅದು. ಅದಿರಲಿ, ಅವರಿಲ್ಲದೆ ಅಲ್ಲಿ ಕೂರುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು. ಆದರೂ ಬಾಯಿಬಿಟ್ಟು ಕೇಳಲು ನನಗೇನು ಗರಜು?

ರಿಪೇರಿಯವನು ಬರುವ ದಿನ ಹೋಗಿ ನೋಡಿದರೆ ಅಂಗಡಿಯ ಬೆಂಚಿನ ಮೇಲೆ ಅಕ್ಕನ ಅಣ್ಣ ಕೂತಿದ್ದರು. ಶೃಂಗೇರಿ ಹತ್ತಿರದ ಮೆಣಸೆಯಿಂದ ಮೊದಲ ಬಸ್ಸಿಗೇ ಬಂದಿದ್ದರಂತೆ. ಒಗೆದ ಪಂಚೆ, ಹೆಗಲ ಮೇಲೆ ಟವೆಲು. ನಮ್ಮಲ್ಲಿ ತವರಿನವರು ಹೀಗೆ ಬಂದು ಕೂರುವುದು ಆಸ್ತಿ ಪಾಲಾಗುವಾಗ. ನನ್ನ ಅನುಮಾನ ಸುಳ್ಳಲ್ಲ ಎಂದುಕೊಂಡು, ಮುಖ ಗಂಟು ಹಾಕಿಯೇ ಅವರಿಗೆ ಕಾಫಿ ತರಿಸಿದೆ.

ರಿಪೇರಿಯವನು ಸೀಡಿ ಹಾಕಿದ. ಪರದೆಯ ಮೇಲೆ ಬಂದ ಉದ್ದನೆಯ ಪಟ್ಟಿಯನ್ನು ಬೆರಳಿನಿಂದ ತೋರಿಸಿ, "ಇಲ್ಲೀವರೆಗೆ ಒಂದು ಭಾಗ, ಇಲ್ಲಿಂದ ಇನ್ನೊಂದು" ಎಂದ.

"ಯಾರಿಗೆ ಯಾವ್ದು?" ಎಂದು ಅಕ್ಕನ ಅಣ್ಣ ಕೇಳಿದರು.

"ಎರಡೂ ಇಬ್ರಿಗೂ. ಒಂದ್ಸಲಕ್ಕೆ ಒಂದು, ಅಷ್ಟೆ."

"ಹಂಗಾದ್ರೆ ಅದೆಂಥ ಪಾರ್ಟಿಷನ್ನು ಮಾರಾಯ? ಜೆರಾಕ್ಸ್ ಮಿಷನ್ ಯಾರ ಪಾಲಿಗೆ?"

ರಿಪೇರಿಯವನು ಕಕ್ಕಾಬಿಕ್ಕಿಯಾದ. "ಜೆರಾಕ್ಸಿಗೆ ಲಿನಕ್ಸ್ ಹಾಕೋಕೆ ಬರೋದಿಲ್ಲ" ಎಂದ.

ಆಗ ನನಗೆ ಹೊಳೆಯಿತು, ಆ ದಿನ ನಾನು ಫೋನಿನಲ್ಲಿ ಆಡಿದ್ದು ಅಕ್ಕನ ಕಿವಿಗೂ ಬಿದ್ದಿತ್ತು. ನಮ್ಮ ಕಡೆ ಪಾರ್ಟಿಷನ್ ಅಂದರೆ ಒಂದೇ ಅರ್ಥ. ತೋಟ ಗದ್ದೆ ಪಾಲಾಗಿ ಒಲೆ ಎರಡಾಗುವುದು. ಪಾರ್ಟಿಷನ್ ಆಗುತ್ತಿರುವುದು ಕಂಪ್ಯೂಟರಿನ ಒಳಗೆ ಮಾತ್ರ, ಅಂಗಡಿಯದಲ್ಲ ಎಂದು ಅಕ್ಕನ ಅಣ್ಣನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅವರು ನಕ್ಕು, ಇದಕ್ಕಾಗಿ ಒಂದು ದಿನದ ಕೆಲಸ ಕೆಟ್ಟಿತಲ್ಲ ಎಂದು ತಂಗಿಯನ್ನು ಬೈದು, ಬಸ್ಸಿಗೆ ಹೊರಟರು.

ಅಕ್ಕ ಮಾತ್ರ ನಗಲಿಲ್ಲ. ನನಗೂ ಸಿಟ್ಟು ಬಂದಿತ್ತು. "ಅಣ್ಣನ್ನ ಕರೆಸೋ ಬದ್ಲು ನನ್ನನ್ನೇ ಒಂದು ಮಾತು ಕೇಳ್ಬಹುದಿತ್ತಲ್ಲ ಅಕ್ಕ?" ಅಂದೆ.

"ಕೇಳಿ, ನೀ ಹೌದು ಅಂದಿದ್ರೆ?" ಎಂದರು.

ನಾನು ಕಂಪ್ಯೂಟರಿನ ಮುಂದೆ ಕೂತು ಫೈಲುಗಳನ್ನೆಲ್ಲ ತೆರೆದು ನೋಡಿದೆ. ಎಲ್ಲವೂ ಇದ್ದವು. ಆದರೂ ಆ ಲಿನಕ್ಸಿನ ಮೇಲೆ ನಾನು ಒಂದು ಕಣ್ಣಿಟ್ಟೇ ಇದ್ದೆ.

ಆಮೇಲೆ ಕಂಪ್ಯೂಟರ್ ಹಾಕಿದಾಗಲೆಲ್ಲ ಎರಡು ಹೆಸರು ಕಾಣಿಸಿ, ಯಾವುದು ಬೇಕೆಂದು ಕೇಳುತ್ತಿತ್ತು. ಬೇಕಾದದ್ದರ ಮೇಲೆ ಹೋಗಿ ಎಂಟರ್ ಒತ್ತಬೇಕು. ಅಕ್ಕನಿಗೂ ಕಲಿಸಿಕೊಟ್ಟೆ. ಆದರೆ ನನಗಿಂತ ಮೊದಲೇ ಬಂದು ಅಂಗಡಿ ಗುಡಿಸಿಟ್ಟರೂ ಅವರು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನನ್ನ ಮುಚ್ಚಳಕ್ಕೆ ಪಲ್ಯ ಬಡಿಸುತ್ತಾ, "ನೀನೇ ಒತ್ತು ಮಾರಾಯ್ತಿ. ನಾ ಒತ್ತಿದ್ರೆ ಭಾಗ ಕೇಳ್ದಂಗೆ ಕಾಣ್ತದೆ" ಎಂದರು. ಅದು ತಮಾಷೆಯೋ ಚುಚ್ಚುಮಾತೋ ಎಂದು ತಿಳಿಯಲು ನಾನು ಅವರ ಮುಖವನ್ನೇ ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.