ಪಡುವಣ ಗಾಳಿಯಲ್ಲಿ ಹಳೇ ಫ್ರಿಜ್ಜುಗಳು

ನನ್ನ ಕೆಲಸ ಗಾಳಿ ತುಂಬುವುದು. ಸೈಕಲ್ಲಿಗಲ್ಲ, ಲಾರಿ ಟೈರಿಗೂ ಅಲ್ಲ, ಬಾಟಲಿಗೆ. ದಂಡಿಗನಹಳ್ಳಿ ಹತ್ತಿರದ ಒಂದು ಬೋಳುಗುಡ್ಡದ ಮೇಲೆ ನಮ್ಮ ಸಂಸ್ಥೆಯ ಸಣ್ಣ ಕೋಣೆಯಿದೆ, ಪಕ್ಕದಲ್ಲಿ ಒಂದು ಎತ್ತರದ ಕಂಬ, ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ. ವಾರಕ್ಕೊಮ್ಮೆ ಹಾಸನದಿಂದ ಬಸ್ಸಿನಲ್ಲಿ ಹೋಗಿ ಗುಡ್ಡ ಹತ್ತುತ್ತೇನೆ. ಗಾಳಿ ಪಡುವಣದಿಂದ ಬರುತ್ತಿದ್ದರೆ ಪಂಪು ಹಾಕಿ ಉಕ್ಕಿನ ಬಾಟಲಿಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಓಝೋನ್ ಪದರವನ್ನು ತಿನ್ನುವ ಅನಿಲಗಳು ಅದರಲ್ಲಿ ಎಷ್ಟಿವೆ ಎಂದು ಅಲ್ಲಿನ ಯಂತ್ರ ಹೇಳುತ್ತದೆ.

ಹಿಂದಿನ ಕಾಲದ ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿಗಳಲ್ಲಿ ಇದ್ದ ಅನಿಲಗಳು ಇವು. ಜಗತ್ತೇ ಒಟ್ಟಾಗಿ ನಿಷೇಧಿಸಿದರೂ ಇವಕ್ಕೆ ಸಾಯುವ ಅವಸರವಿಲ್ಲ. ದಶಕಗಟ್ಟಲೆ ಮೇಲೇ ಅಲೆದಾಡುತ್ತ, ವರ್ಷವರ್ಷಕ್ಕೂ ಕೂದಲೆಳೆಯಷ್ಟು ಕಡಿಮೆಯಾಗುತ್ತವೆ. ಅಳೆಯುವುದಾದರೂ ಹೇಗೆ? ಲಕ್ಷ ಕೋಟಿಯಲ್ಲಿ ಇಷ್ಟು ಪಾಲು ಎಂದು. ಆ ಕೂದಲೆಳೆಯನ್ನು ಕಾಯುತ್ತ ಕೂರಲು ನನಗೆ ಸಂಬಳ ಬರುತ್ತದೆ. ಏನೂ ಆಗದಿದ್ದರೆ ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಇದನ್ನು ನೆಂಟರಿಗೆ ತಿಳಿಸಿ ಹೇಳುವ ಪ್ರಯತ್ನವನ್ನು ನಾನು ಮದುವೆಯಾದ ಹೊಸತರಲ್ಲೇ ಕೈಬಿಟ್ಟೆ.

ನಮ್ಮತ್ತೆ ಮಾತ್ರ ಕೈಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ, "ನಮ್ ಸೊಸೆ ಸೈಂಟಿಸ್ಟು ಕಣ್ರವ್ವ," ಎಂದು ಶುರು ಮಾಡುತ್ತಾರೆ. "ಏನ್ ಕೆಲ್ಸ?" ಎಂದು ಯಾರಾದರೂ ಕೇಳಿದರೆ, "ಗಾಳಿ ಇಡೀತಾಳೆ," ಎಂದು ಗಂಭೀರವಾಗಿ ಹೇಳಿ ಕಾಫಿ ತರಲು ಒಳಗೆ ಹೋಗುತ್ತಾರೆ. ಬಂದವರು ನನ್ನ ಕಡೆ ಒಂದು ಥರಾ ನೋಡುತ್ತಾರೆ.

ಇನ್ನು ನನ್ನ ಯಜಮಾನರು. ಹಾಸನದ ಪೇಟೆಯಲ್ಲಿ ಅವರದು ಫ್ರಿಜ್ಜು, ವಾಷಿಂಗ್ ಮಷೀನಿನ ಅಂಗಡಿ. ಹಬ್ಬ ಬಂತೆಂದರೆ ಎಕ್ಸ್‌ಚೇಂಜ್ ಮೇಳ: ಹಳೇದು ಕೊಡಿ, ಹೊಸದು ಒಯ್ಯಿರಿ. "ನಾನ್ ಮಾರೋದು ಕಣ್ಣಿಗ್ ಕಾಣತ್ತೆ ಕಣೇ. ನಿಂದು ಕಾಣ್ದೇ ಇರೋ ಗಾಳಿ, ಅದ್ರೊಳಗೆ ಕಾಣ್ದೇ ಇರೋ ಗ್ಯಾಸು, ಅದೂ ಕಮ್ಮಿ ಆಯ್ತಾ ಐತೆ," ಎನ್ನುತ್ತಾರೆ. ಇಷ್ಟು ಕರಾರುವಾಕ್ಕಾಗಿ ನನ್ನ ಕೆಲಸವನ್ನು ಯಾವ ವಿಜ್ಞಾನಿಯೂ ವಿವರಿಸಿಲ್ಲ.

ಹೀಗಿರುವಾಗ ಒಂದು ದಿನ ಪ್ರಯೋಗಾಲಯದ ಹಿರಿಯರು ಫೋನು ಮಾಡಿದರು. ಸದಾ ತೂಗಿ ಮಾತಾಡುವ ಅವರ ದನಿಯಲ್ಲಿ ಮಗಳಿಗೆ ಗಂಡು ಗೊತ್ತಾದ ಸಂಭ್ರಮ. ಕಳೆದ ಕೆಲವು ವಾರಗಳ ನನ್ನ ಬಾಟಲಿಗಳಲ್ಲಿ ಫ್ರಿಜ್ಜಿನ ಹಳೇ ಅನಿಲಗಳು ಒಂದೇ ಸಮನೆ ಏರಿವೆಯಂತೆ.

"ಇದು ಸಣ್ಣ ವಿಷಯ ಅಲ್ಲ ಮೇಡಂ. ಯಾರೋ ಎಲ್ಲೋ ಕದ್ದು ಫ್ಯಾಕ್ಟರಿ ನಡೆಸ್ತಾ ಇದ್ದಾರೆ. ನಾಳೆನೇ ಹೊರಟು ಬರ್ತೀವಿ."

ಬಂದರು. ಜೊತೆಗೆ ಇಬ್ಬರು ಕಿರಿಯ ವಿಜ್ಞಾನಿಗಳು. ನೆಟ್ಟಗೆ ಗುಡ್ಡ ಹತ್ತಿ ಬಂಡೆಯ ಮೇಲೆ ಕೂತರು. ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕುವ ಪ್ರೋಗ್ರಾಮು ಅವರ ಲ್ಯಾಪ್‌ಟಾಪಿನಲ್ಲಿತ್ತು. ಕೆಂಪು ಗೆರೆಯೊಂದು ನಮ್ಮ ಗುಡ್ಡದಿಂದ ಹೊರಟು, ಹಾಸನದ ಮೇಲೆ ಹಾದು, ಘಟ್ಟ ಇಳಿದು, ಸಮುದ್ರ ದಾಟಿ, ನೋಡನೋಡುತ್ತಲೇ ಮೂರು ದೇಶಗಳನ್ನು ಆರೋಪಿಗಳನ್ನಾಗಿ ಮಾಡಿತು. ಅಷ್ಟು ದೂರದಿಂದ ಹೊರಟ ಕಳ್ಳ ಅನಿಲ, ದಾರಿಯಲ್ಲಿ ಯಾರ ಬಾಟಲಿಗೂ ಸಿಗದೆ, ಬೇರೆ ಗಾಳಿಯ ಜೊತೆ ಬೆರೆಯದೆ, ನೆಟ್ಟಗೆ ಬಂದು ನನ್ನ ಬಾಟಲಿಗೇ ಇಳಿದಿತ್ತು. ಹಿರಿಯರು ಆಗಲೇ ಪ್ರಬಂಧದ ಶೀರ್ಷಿಕೆ ಯೋಚಿಸುತ್ತಿದ್ದರು. ಕಾರಿನಲ್ಲಿ ಅದನ್ನು ಎರಡು ಸಲ ನನಗೆ ಓದಿಯೂ ಹೇಳಿದರು.

ಆದರೂ ಶಾಸ್ತ್ರಕ್ಕೆಂದು ಸ್ಥಳೀಯ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಮೊದಲು ಅರಕಲಗೂಡಿಗೆ ಹೋದೆವು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳ ಮುಂದೆ ನಿಂತು ಹಿರಿಯರು ಕೆಮ್ಮುತ್ತ ಪ್ರಶ್ನೆ ಕೇಳಿದರು. ಬ್ಯಾರನ್ನಿನ ಯಜಮಾನ ಎಲ್ಲ ಕೇಳಿಸಿಕೊಂಡು, "ನಂ ತಾವ ಬರೀ ಒಗೆ ಸಾ. ನೀವೇಳೋ ಗ್ಯಾಸ್ ಇಲ್ಲ. ಸುಂಠಿ ಐತೆ, ಒಯ್ಕಳಿ," ಎಂದು ಒಂದು ಚೀಲ ಹಸಿಶುಂಠಿ ಕೊಟ್ಟ. ಅಲ್ಲಿಂದ ಹೊಳೆನರಸೀಪುರಕ್ಕೆ, ಒಬ್ಬ ಫ್ರಿಜ್ ಮೆಕ್ಯಾನಿಕ್ಕನ ಅಂಗಡಿಗೆ. ಹಳೇ ಅನಿಲದ ಹೆಸರು ಹೇಳಿದ್ದೇ ಅವನು ನಕ್ಕ. "ಅದು ಈಗೆಲ್ಲಿ ಸಿಗತ್ತೆ ಸಾ? ನಮ್ಮಪ್ಪನ್ ಕಾಲ್ದಲ್ಲೇ ನಿಂತೋಯ್ತು." ಹಿರಿಯರಿಗೆ ಬೇಕಾಗಿದ್ದೂ ಅದೇ ಉತ್ತರ. "ನೋಡಿದ್ರಾ? ಲೋಕಲ್ ಅಲ್ಲವೇ ಅಲ್ಲ," ಎಂದು ಕಾರು ಹತ್ತಿದರು.

ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಯಜಮಾನರು ಅಂಗಡಿ ಬಿಟ್ಟು ಬಂದು ತಾವೇ ನಿಂತು ಬಡಿಸಿದರು. ಹಿರಿಯರು ಮುದ್ದೆ ಮುರಿಯುತ್ತ ಅನಿಲಗಳ್ಳರ ಕಥೆಯನ್ನು ವಿಸ್ತಾರವಾಗಿ ಹೇಳಿದರು: ಕ್ಯಾನ್ಸರ್, ಕಣ್ಣಿನ ಪೊರೆ, ಸುಟ್ಟುಹೋಗುವ ಬೆಳೆ, ಮಕ್ಕಳ ಭವಿಷ್ಯ. ಯಜಮಾನರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಂತೋರ್ನ ಒದ್ದು ಒಳಗಾಕ್ಬೇಕು ಸಾ! ದುಡ್ಡಿಗಾಗಿ ಭೂಮಿನೇ ಆಳ್ ಮಾಡ್ತಾರಲ್ಲ!" ಎಂದು ಇನ್ನೊಂದು ಸೌಟು ಸಾರು ಬಡಿಸಿದರು.

"ನಿಮ್ಮಂಥ ವ್ಯಾಪಾರಿಗಳಿಗೆ ಈ ಕಾಳಜಿ ಇದೆಯಲ್ಲ, ಅದೇ ದೊಡ್ಡದು," ಎಂದು ಹಿರಿಯರು ಹೊಗಳಿದರು. ಇಬ್ಬರಿಗೂ ಪರಸ್ಪರ ಬಹಳ ಹಿಡಿಸಿತು.

ಅವರೆಲ್ಲ ಹೊರಟ ಮಾರನೆಯ ವಾರ ನಾನು ಎಂದಿನಂತೆ ಗುಡ್ಡ ಹತ್ತಿದೆ. ಬಸ್ಸು ಇಳಿಯುವುದು ಮೂಡಣ ಕಡೆ, ಹತ್ತುವ ದಾರಿಯೂ ಅದೇ ಕಡೆ. ಪಡುವಣದ ಇಳಿಜಾರಿಗೆ ಹೋಗುವ ಸಂದರ್ಭವೇ ನನಗೆ ಬಂದಿರಲಿಲ್ಲ. ಅಂದು ಪಂಪು ಓಡುತ್ತಿದ್ದಾಗ ಕೆಳಗಿನಿಂದ ಠಣ್ ಠಣ್ ಎಂದು ಸುತ್ತಿಗೆಯ ಸದ್ದು ಬಂತು. ಬಂಡೆಯ ಅಂಚಿಗೆ ಹೋಗಿ ಇಣುಕಿದೆ. ಗುಡ್ಡದ ಬುಡದಲ್ಲಿ ಒಂದು ಶೆಡ್ಡು, ಅದರ ಮುಂದೆ ಬಿಸಿಲಿಗೆ ಹೊಳೆಯುವ ಬಿಳೀ ರಾಶಿ. ಫ್ರಿಜ್ಜುಗಳು. ಮೂವರು ವಿಜ್ಞಾನಿಗಳು ಇದೇ ಬಂಡೆಯ ಮೇಲೆ ಕೂತು ಅರ್ಧ ದಿನ ಲ್ಯಾಪ್‌ಟಾಪಿನಲ್ಲಿ ಸಮುದ್ರ ನೋಡಿದ್ದರು.

ಪಂಪು ನಿಲ್ಲಿಸಿ ಇಳಿದೆ. ಹತ್ತಿರ ಹೋಗುತ್ತಿದ್ದಂತೆ ಶೆಡ್ಡು ಎಲ್ಲೋ ನೋಡಿದಂತಿದೆ ಎನ್ನಿಸಿತು. ನೋಡಿಯೇ ಇದ್ದೆ. ಮದುವೆಯಾದ ಹೊಸತರಲ್ಲಿ ಇನ್ನೊಂದು ದಾರಿಯಿಂದ ಕಾರಿನಲ್ಲಿ ಕರೆತಂದು, "ಇದು ನಮ್ದೇ ತ್ವಾಟ," ಎಂದು ಯಜಮಾನರು ತೋರಿಸಿದ್ದರು. ಆಗ ಅದರ ತುಂಬ ತೆಂಗಿನಕಾಯಿ ಇತ್ತು.

ಚನ್ನರಾಯಪಟ್ಟಣದಿಂದ ಬಂದ ಗುಜರಿಯವನೊಬ್ಬ ಫ್ರಿಜ್ಜನ್ನು ಮಗುಚಿ ಹಾಕಿ, ಹಿಂಬದಿಯ ತಾಮ್ರದ ಪೈಪನ್ನು ಕತ್ತರಿಸುತ್ತಿದ್ದ. ಕತ್ತರಿ ಬಿದ್ದದ್ದೇ ಬುಸ್ಸೆಂದು ಸದ್ದಾಯಿತು. ಇಷ್ಟು ವರ್ಷ ಲಕ್ಷ ಕೋಟಿಯಲ್ಲಿ ಹುಡುಕುತ್ತಿದ್ದ ಅನಿಲ ಮೊದಲ ಸಲ ನನ್ನ ಮುಖಕ್ಕೇ ಬಂದು ಬಡಿಯಿತು.

"ಏನಣ್ಣ ಅದು ಸದ್ದು?"

"ಗ್ಯಾಸು ಕಣಕ್ಕ. ಅದು ಓಗ್ಬುಟ್ರೆ ನಿಸೂರು, ಆಮ್ಯಾಕೆ ತಾಮ್ರ ಬಿಚ್ಕಬೋದು. ಏನೂ ಆಗಕಿಲ್ಲ, ಗಾಳೀಲಿ ಓಯ್ತದೆ."

"ಯಾರದು ಈ ಮಾಲು?"

"ಆಸನದ ಸಾವ್ಕಾರ್ರುದು. ಬಾಳ ಒಳ್ಳೇರು. ಹಬ್ಬದ ಮ್ಯಾಳದಿಂದ ಇಲ್ಲಿಗ್ ತಂದ್ ಆಕ್ತಾವ್ರೆ. ನಿಮ್ ತಾವೂ ಹಳೇ ಫ್ರಿಜ್ಜಿದ್ರೆ ಒಳ್ಳೇ ರೇಟು ಕೊಡ್ಸೀನಿ ಬುಡಿ."

ನನಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು, ಆಮೇಲೆ ಏನೇನೋ. ಅಲ್ಲೇ ನಿಂತು ಯಜಮಾನರಿಗೆ ಫೋನು ಮಾಡಿದೆ.

"ರೀ, ಕಳ್ಳ ಸಿಕ್ಕಿದ."

"ಭಲೇ! ಯಾವ್ ದೇಶ?"

"ದಂಡಿಗನಹಳ್ಳಿ. ನಿಮ್ಮ ಶೆಡ್ಡು."

ಅವರು ಅಂಗಡಿಯ ಗಲಾಟೆ ಬಿಟ್ಟು ಹೊರಗೆ ಬಂದದ್ದು ಫೋನಿನಲ್ಲೇ ಗೊತ್ತಾಯಿತು. ದನಿ ತಗ್ಗಿಸಿ, "ಊಟದ ದಿನ ನಾನ್ ಏನೇನ್ ಅಂದೆ?" ಎಂದು ಕೇಳಿದರು. ಒದ್ದು ಒಳಗೆ ಹಾಕುವ ಮಾತನ್ನು ನಾನು ನೆನಪಿಸಿದೆ.

ಹಿರಿಯರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವರು ಎಲ್ಲ ಕೇಳಿ, "ಅಂದ್ರೆ ಫ್ಯಾಕ್ಟರಿ ಇಲ್ಲ?" ಎಂದರು, ಸಾವಿನ ಸುದ್ದಿಯನ್ನು ಖಚಿತಪಡಿಸಿಕೊಳ್ಳುವವರ ಹಾಗೆ. "ಇಲ್ಲ ಸರ್. ಫ್ರಿಜ್ಜುಗಳು." "ಹಳೇವು?" "ಬಹಳ ಹಳೇವು ಸರ್." ಅಷ್ಟೂ ವಾರಗಳ ಅಂಕಿಗಳ ಪಕ್ಕದಲ್ಲಿ 'ಸ್ಥಳೀಯ ಮಾಲಿನ್ಯ' ಎಂಬ ಗುರುತು ಬಿತ್ತು, ಅವು ಲೆಕ್ಕದಿಂದ ಆಚೆ ಹೋದವು. ವಿಜ್ಞಾನದ ದಾಖಲೆಯಲ್ಲಿ ನನ್ನ ಗಂಡನಿಗೆ ಸಿಕ್ಕ ಸ್ಥಾನ ಅದು. ನನಗೆ ಅದೂ ಸಿಕ್ಕಿಲ್ಲ.

ಯಜಮಾನರು ಆಮೇಲೆ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಬೇಕು. ಪೈಪು ಕತ್ತರಿಸುವುದನ್ನು ನಿಲ್ಲಿಸಿದರು. ಹೊಳೆನರಸೀಪುರದ ಅದೇ ಮೆಕ್ಯಾನಿಕ್ಕನ್ನು ಕರೆಸಿ, ಉಳಿದ ಫ್ರಿಜ್ಜುಗಳ ಅನಿಲವನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿಸಿದರು. ಅಪ್ಪನ ಕಾಲದಲ್ಲೇ ನಿಂತುಹೋದ ಗ್ಯಾಸು ಇಷ್ಟೊಂದು ಇದೆಯಲ್ಲ ಎಂದು ಅವನಿಗೂ ಆಶ್ಚರ್ಯ. ತುಂಬಿದ ಸಿಲಿಂಡರನ್ನು ಎಲ್ಲಿಗೆ ಕಳಿಸಬೇಕು ಎಂದು ಮೂರು ಕಚೇರಿಗಳಿಗೆ ಫೋನು ಮಾಡಿ ಕೇಳಿದೆ. ಮೂರೂ ಕಡೆ ನನ್ನ ಪರಿಸರ ಪ್ರಜ್ಞೆಯನ್ನು ಮೆಚ್ಚಿದರು. ಸಿಲಿಂಡರು ಇವತ್ತಿಗೂ ಅಂಗಡಿಯ ಮಹಡಿ ಮೆಟ್ಟಿಲ ಕೆಳಗಿದೆ.

ಮುಂದಿನ ಹಬ್ಬಕ್ಕೆ ಅಂಗಡಿಯ ಮೇಲೆ ಹಸಿರು ಬ್ಯಾನರು ಬಂತು: 'ಓಝೋನ್ ಸ್ನೇಹಿ ಎಕ್ಸ್‌ಚೇಂಜ್ ಮೇಳ'. ವ್ಯಾಪಾರ ಜೋರಾಯಿತು. ಅದನ್ನು ನೋಡಿದ ಒಂದು ಕಾಲೇಜಿನವರು ಓಝೋನ್ ದಿನಾಚರಣೆಗೆ ಮುಖ್ಯ ಅತಿಥಿಯೊಬ್ಬರನ್ನು ಹುಡುಕುತ್ತ ನಮ್ಮ ಮನೆಗೇ ಬಂದರು. ಸೀರೆ ಸರಿಮಾಡಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಯಜಮಾನರು ಒಪ್ಪಿಕೊಂಡಾಗಿತ್ತು.

ಸಮಾರಂಭದಲ್ಲಿ ನಾನು ಅತ್ತೆಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದೆ. ಯಜಮಾನರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಓಝೋನ್ ಪದರ ಈಗ ಹೇಗಿದೆ?" ಎಂದು ಕೇಳಿದಳು.

ಯಜಮಾನರು ಮೈಕು ಹಿಡಿದು ಮುಂದಿನ ಸಾಲಿನ ಕಡೆ ನೋಡಿದರು. ಆಮೇಲೆ ನನ್ನತ್ತ ಕೈ ತೋರಿಸಿ, "ಅದನ್ನ ನಮ್ಮನೆಯೋರು ನೋಡ್ಕೋತಾರಮ್ಮ," ಎಂದರು.

ಇಡೀ ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮತ್ತೆ.